ಕಾರ್-ಟಿ ಪ್ರಯೋಗಕ್ಕೆ ಹೆಸರು ಕೊಡುವ ಮೊದಲು

ಕಿಮೊ ಮುಗಿದು ಕೆಲವು ತಿಂಗಳಲ್ಲೇ ರಕ್ತದ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡರೆ, ‘ಕಾರ್-ಟಿ ಟ್ರಯಲ್ ವಿಚಾರಿಸಿ ನೋಡಿ’ ಎಂದು ಡಾಕ್ಟರು ಹೇಳುವುದುಂಟು. ಬದಿಯಡ್ಕ, ಪೆರ್ಲ, ಮುಳ್ಳೇರಿಯದಿಂದ ಮಂಗಳೂರಿಗೋ ತಲಶ್ಶೇರಿಗೋ ಓಡಾಡಿ ಸುಸ್ತಾದ ಮನೆಯವರಿಗೆ ಎಲ್ಲಿ, ಯಾರನ್ನು ವಿಚಾರಿಸುವುದು ಅಂತಲೇ ಗೊತ್ತಿರುವುದಿಲ್ಲ.

ಮೊದಲು ಚಿಕಿತ್ಸೆ ಏನೆಂದು ತಿಳಿದುಕೊಳ್ಳಿ. ರೋಗಿಯ ರಕ್ತದಿಂದಲೇ ಟಿ ಕಣಗಳನ್ನು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಮೆಷಿನ್‌ನಲ್ಲಿ ಬೇರ್ಪಡಿಸುತ್ತಾರೆ. ಲ್ಯಾಬಿನಲ್ಲಿ ಅವುಗಳ ಜೀನ್ ಬದಲಿಸಿ, ಕ್ಯಾನ್ಸರ್ ಕಣದ ಮೇಲಿರುವ ಗುರುತನ್ನು (ಹೆಚ್ಚಾಗಿ ಸಿಡಿ19) ಪತ್ತೆಹಚ್ಚುವಂತೆ ಮಾಡುತ್ತಾರೆ. ಬೆಳೆಸಿ ವಾಪಸ್ ಏರಿಸುತ್ತಾರೆ. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರಲ್ಲೇ ಅನುಮತಿ ಸಿಕ್ಕಿದೆ. ಹಾಗಾಗಿ ‘ಇದು ಟ್ರಯಲ್ಲೋ, ದುಡ್ಡು ಕೊಟ್ಟು ಮಾಡಿಸುವ ಚಿಕಿತ್ಸೆಯೋ?’ ಎಂದು ನೇರವಾಗಿ ಕೇಳಿ. ಅನುಮತಿ ಸಿಕ್ಕಿರುವುದು ಬಿ ಕಣದ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಕ್ಯಾನ್ಸರ್‌ಗಳಿಗೆ. ಎಎಂಎಲ್ ಎಂಬ ಬೇರೆ ಬಗೆಯ ರಕ್ತದ ಕ್ಯಾನ್ಸರ್ ಆಗಿದ್ದರೆ ಕಾರ್-ಟಿ ಇನ್ನೂ ಪ್ರಯೋಗದ ಹಂತದಲ್ಲೇ ಇದೆ.

ಎರಡನೆಯದು ಫೈಲು. ಮಜ್ಜೆಯ ಪರೀಕ್ಷೆ, ಫ್ಲೋ ಸೈಟೋಮೆಟ್ರಿ ವರದಿ, ಕೊಟ್ಟ ಕಿಮೊಗಳ ಪಟ್ಟಿ, ಡಿಸ್ಚಾರ್ಜ್ ಸಮ್ಮರಿ ತಾರೀಕಿನ ಪ್ರಕಾರ ಜೋಡಿಸಿ. ಮುಂದಿನ ಕಿಮೊ ಹತ್ತಿರದಲ್ಲಿದ್ದರೆ ಈಗಲೇ ಡಾಕ್ಟರ ಜತೆ ಮಾತಾಡಿ. ಕಿಮೊ ಆದ ತಕ್ಷಣ ಒಳ್ಳೆಯ ಟಿ ಕಣ ಸಿಗುವುದು ಕಷ್ಟ.

ಆಮೇಲೆ ಸಿಟಿಆರ್‌ಐ, ಅಂದರೆ ಕೇಂದ್ರ ಸರ್ಕಾರದ ಟ್ರಯಲ್ ನೋಂದಣಿ ಜಾಲತಾಣ. ಅಲ್ಲಿ ರೋಗದ ಹೆಸರು ಹಾಕಿ ಹುಡುಕಿ. ‘ಓಪನ್ ಟು ರಿಕ್ರೂಟ್‌ಮೆಂಟ್’ ಎಂದಿದ್ದರೆ ಜನ ಸೇರಿಸಿಕೊಳ್ಳುತ್ತಿದ್ದಾರೆ ಅಂತ ಅರ್ಥ. ವಯಸ್ಸಿನ ಮಿತಿ, ಆಸ್ಪತ್ರೆ, ಫೋನ್ ನಂಬರ್ ಎಲ್ಲ ಅಲ್ಲೇ ಇರುತ್ತವೆ. ಸಿಟಿಆರ್‌ಐಯಲ್ಲಿ ಕಾಣದ ‘ಟ್ರಯಲ್’ಗೆ ದುಡ್ಡು ಕೇಳುವವರನ್ನು ನಂಬಬೇಡಿ.

ಇನ್ನು ಒಪ್ಪಿಗೆ ಪತ್ರ. ನನ್ನ ಪ್ರಕಾರ ನಮ್ಮವರು ಎಡವುವುದೇ ಇಲ್ಲಿ. ಪುಟಗಟ್ಟಲೆ ಇಂಗ್ಲಿಷ್ ಅಥವಾ ಮಲಯಾಳ. ಮಾತಾಡಲು ಮಲಯಾಳ ಬಂದರೂ ಓದಲು ಬಾರದ ಹಿರಿಯರು ಕಾಸರಗೋಡಿನಲ್ಲಿ ಎಷ್ಟು ಮಂದಿ ಇಲ್ಲ! ನಾಚಿಕೊಂಡು ಸುಮ್ನೆ ಸಹಿ ಹಾಕುತ್ತಾರೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕು ಎಂದು 2019ರ ಔಷಧ ಪ್ರಯೋಗ ನಿಯಮ ಹೇಳುತ್ತದೆ. ‘ಕನ್ನಡದ್ದು ಕೊಡಿ ಡಾಕ್ಟ್ರೇ’ ಎಂದು ಕೇಳಿ. ಓದು ಬಾರದವರಿಗೆ ಪ್ರಯೋಗದ ತಂಡಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಬೇಕು. ಪ್ರಯೋಗದಿಂದ ತೊಂದರೆಯಾದರೆ ಖರ್ಚು ಯಾರದ್ದು, ಯಾವ ಪರೀಕ್ಷೆಗೆ ನಾವು ಕಟ್ಟಬೇಕು, ಪ್ರಯೋಗದ ಮೇಲೆ ಕಣ್ಣಿಡುವ ಎಥಿಕ್ಸ್ ಕಮಿಟಿಯ ನಂಬರ್ ಯಾವುದು: ಇಷ್ಟನ್ನು ಬೆರಳಿಟ್ಟು ಓದಿಸಿಕೊಳ್ಳಿ. ಒಂದು ಪ್ರತಿ ಮನೆಗೆ ತನ್ನಿ. ಸಹಿ ಹಾಕಿದ ಮೇಲೂ ಬೇಡವೆನಿಸಿದರೆ ಹೊರಬರಬಹುದು. ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಮುಂಬೈಗೆ ಹೋಗಬೇಕಾದರೆ ನೇತ್ರಾವತಿ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲೇ ಹತ್ತಬಹುದು. ಖಾರ್ಘರ್‌ನಲ್ಲಿರುವ ಟಾಟಾ ಮೆಮೋರಿಯಲ್‌ನ ಕೇಂದ್ರ ಆ್ಯಕ್ಟ್ರೆಕ್‌ಗೆ ಪನ್ವೇಲ್‌ನಲ್ಲಿ ಇಳಿದರೆ ಹತ್ತಿರ. ಕ್ಯಾನ್ಸರ್ ರೋಗಿಗೆ ರೈಲ್ವೆ ರಿಯಾಯಿತಿ ಇದೆ, ಡಾಕ್ಟರಿಂದ ಫಾರಂ ಭರ್ತಿ ಮಾಡಿಸಿಕೊಳ್ಳಿ. ಕಣ ತೆಗೆಯುವುದಕ್ಕೂ ಏರಿಸುವುದಕ್ಕೂ ನಡುವೆ ಕೆಲವು ವಾರ ಹಿಡಿಯುತ್ತದೆ. ಏರಿಸಿದ ಮೇಲೂ ಸುಮಾರು ಒಂದು ತಿಂಗಳು ಆಸ್ಪತ್ರೆಯ ಆಸುಪಾಸಿನಲ್ಲೇ ಇರಬೇಕು, ಜತೆಗೊಬ್ಬರು ಬೈಸ್ಟ್ಯಾಂಡರ್ ಬೇಕೇಬೇಕು.

ಆ ಬೈಸ್ಟ್ಯಾಂಡರ್‌ಗೆ ಎರಡು ವಿಷಯ ಹೇಳಿಕೊಟ್ಟಿರಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗ್ಗೆವರೆಗೆ ಕಾಯಬಾರದು, ಕೂಡಲೇ ತಂಡಕ್ಕೆ ತಿಳಿಸಬೇಕು. ರೋಗಿ ಮಾತು ತಡವರಿಸಿದರೆ, ಬರೆಯುವ ಅಕ್ಷರ ಸೊಟ್ಟಗಾದರೆ, ಮಧ್ಯರಾತ್ರಿಯಾದರೂ ಸರಿ, ಟ್ರಯಲ್ ತಂಡಕ್ಕೆ ಫೋನ್ ಮಾಡಬೇಕು. ಎರಡಕ್ಕೂ ಮದ್ದುಂಟು, ತಡವಾದರೆ ಮಾತ್ರ ಕಷ್ಟ.