ಡೋಂಗ್ ನೇಯ್ಗೆಯ ವಜ್ರಾಕೃತಿಯನ್ನು ಎಣಿಕೆ ತಪ್ಪದೆ ನೇಯುವುದು ಹೇಗೆ?

ಚೀನಾದ ಹುನಾನ್, ಗುಯಿಝೌ, ಗುವಾಂಗ್ಶಿ ಸೀಮೆಗಳ ಬೆಟ್ಟದೂರುಗಳಲ್ಲಿ ಡೋಂಗ್ ಎಂಬ ಜನಾಂಗದ ಹೆಂಗಸರು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಪಟ್ಟಿಗೂ ಹೊದಿಕೆಗೂ ನೇಯುವ ಬಟ್ಟೆಯಲ್ಲಿ ಒಂದರೊಳಗೊಂದು ಕೂತ ವಜ್ರಾಕೃತಿಗಳು ಎದ್ದು ಕಾಣುತ್ತವೆ. 2008ರಲ್ಲಿ ಈ ಕಲೆ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಬಿಳಿ ಹಾಸು (ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು), ಕಡುಬಣ್ಣದ ಹೊಕ್ಕು (ಅಡ್ಡಲಾಗಿ ಹಾಯಿಸುವ ನೂಲು) ಇರುವ ಬಗೆಯಲ್ಲಿ ಮುಂಬದಿಯ ಕಪ್ಪು ಹಿಂಬದಿಯಲ್ಲಿ ಬಿಳಿಯಾಗುತ್ತದೆ. ಕಲಿಯುವವರು ಎಣಿಕೆ ಕೆಡಿಸಿಕೊಳ್ಳುವುದೂ ಇದರಲ್ಲಿಯೇ.

ಹತ್ತಿಯ 33 ಎಳೆಗಳನ್ನು ಸಣ್ಣ ಮಗ್ಗಕ್ಕೆ ಬಿಗಿಯಾಗಿ ಹಾಸಿಕೊಳ್ಳಿ. ಅಕ್ರಿಲಿಕ್ ನೂಲು ಬೇಡವೇ ಬೇಡ. ಅದು ಹಿಗ್ಗಿ, ಜುಂಗೆದ್ದು ಅಂಚನ್ನು ಮಸುಕು ಮಾಡುತ್ತದೆ.

ಇನ್ನು ಎಣಿಕೆ. ಹೆಚ್ಚಿನವರು ಎಡ ಅಂಚಿನಿಂದ ಎಣಿಸತೊಡಗುತ್ತಾರೆ; ಒಂದು ಎಳೆ ತಪ್ಪಿದರೂ ಆಕೃತಿ ಇಡಿಯಾಗಿ ವಾಲುತ್ತದೆ. 17ನೆಯ ಎಳೆಗೆ ಕೆಂಪು ದಾರ ಕಟ್ಟಿ, ಅಲ್ಲಿಂದ ಎರಡೂ ಬದಿಗೆ ಎಣಿಸಿ. ಬಿಳಿ ಕಾಣಬೇಕಾದ ಎಳೆಗಳನ್ನಷ್ಟೇ ಬಿದಿರುಕಡ್ಡಿಯ ಮೇಲೆತ್ತಿ, ಅವುಗಳ ಕೆಳಗೆ ದಪ್ಪ ಕಪ್ಪು ಹೊಕ್ಕನ್ನು ಹಾಯಿಸಬೇಕು. ಮೊದಲ ಸಾಲಿನಲ್ಲಿ ನಡುವಿನ ಮೂರು ಎಳೆ ಕೆಳಗೆ, ಆಚೀಚೆ ಮೂರು ಮೂರು ಮೇಲೆ, ಮತ್ತೆ ಮೂರು ಕೆಳಗೆ, ಹೀಗೆ ಅಂಚಿನವರೆಗೆ. ಎರಡನೆಯ ಸಾಲಿನಲ್ಲಿ ಪ್ರತಿ ಗುಂಪೂ ಒಂದೆಳೆ ಹೊರಕ್ಕೆ ಸರಿಯುವುದರಿಂದ ನಡುವೆ ಐದು ಎಳೆ ಕೆಳಗುಳಿಯುತ್ತವೆ. ಮೂರನೆಯದರಲ್ಲಿ ನಡುವಿನ ಒಂದೇ ಎಳೆ ಮೇಲೇಳುತ್ತದೆ, ಅಲ್ಲಿಂದ ಹೊಸ ಬಿಳಿ ಪಟ್ಟಿ ಹುಟ್ಟುತ್ತದೆ. ಹೀಗೆ ಮುಂದುವರಿದರೆ ಎಲ್ಲಿಯೂ ಹೊಕ್ಕು ಐದೆಳೆಗಿಂತ ಉದ್ದ ತೇಲುವುದಿಲ್ಲ, ಅಂದರೆ ಹೆಣೆದುಕೊಳ್ಳದೆ ಸಡಿಲವಾಗಿ ಉಳಿಯುವುದಿಲ್ಲ. ತೇಲಿದರೆ ಬಳೆಗೆ, ಉಗುರಿಗೆ ಸಿಕ್ಕಿ ಕಿತ್ತು ಬರುತ್ತದೆ.

ಪ್ರತಿ ಸಾಲಿನ ಕಡ್ಡಿಯನ್ನು ತೆಗೆಯದೆ ಹಿಂದಕ್ಕೆ ಸರಿಸಿಟ್ಟುಕೊಳ್ಳಿ. 13 ಕಡ್ಡಿಗಳಾದ ಮೇಲೆ 12ನೆಯದರಿಂದ ಮೊದಲನೆಯದಕ್ಕೆ ಮರಳಿ ಬಂದರೆ ಒಟ್ಟು 25 ಸಾಲುಗಳಲ್ಲಿ ಆಕೃತಿ ಮುಚ್ಚಿಕೊಳ್ಳುತ್ತದೆ. 13ನೆಯದನ್ನು ಒಂದೇ ಬಾರಿ ನೇಯಬೇಕು. ಎರಡು ಸಲ ನೇಯ್ದರೆ ತಿರುವಿನ ಮೊನೆ ಮೊಂಡಾಗುತ್ತದೆ. ಕಡ್ಡಿ ಉಳಿಸಲು ಪ್ರತಿ ಸಾಲನ್ನೂ ಹೊಸದಾಗಿ ಎಣಿಸಿಕೊಳ್ಳುವವರಿದ್ದಾರೆ. ಅದು ತಪ್ಪನ್ನು ಎರಡು ಪಟ್ಟು ಮಾಡುವ ದಾರಿ.

ಪ್ರತಿ ಕಪ್ಪು ಸಾಲಿನ ನಂತರ ತೆಳು ಬಿಳಿ ನೂಲಿನಲ್ಲಿ ಒಂದೆಳೆ ಮೇಲೆ, ಒಂದೆಳೆ ಕೆಳಗೆ ಬರುವ ಒಂದು ಸಾದಾ ಸಾಲು ನೇಯಿರಿ. ಬಟ್ಟೆಯನ್ನು ಹಿಡಿದಿಡುವುದು ಅದೇ. ಮೊದಲ ವಜ್ರಾಕೃತಿ ಮುಗಿದೊಡನೆ ಉದ್ದ, ಅಗಲ ಅಳೆದು ನೋಡಿ. ಉದ್ದ ಹೆಚ್ಚಿದ್ದರೆ ಇನ್ನೂ ತೆಳುವಾದ ಕಪ್ಪು ನೂಲನ್ನು ತನ್ನಿ. ಹೊಕ್ಕನ್ನು ಒತ್ತಿ ಕೂರಿಸುವ ಬಡಿತವನ್ನು ಜೋರು ಮಾಡಿ ಸರಿಪಡಿಸಲು ಹೋದರೆ ಹಿಂದಿನ ಸಾಲುಗಳು ಸಡಿಲವಾಗಿಯೂ ಮುಂದಿನವು ಗಟ್ಟಿಯಾಗಿಯೂ ಉಳಿದು, ಒಂದೇ ಪಟ್ಟಿಯಲ್ಲಿ ಎರಡು ಅಳತೆಯ ಆಕೃತಿಗಳು ಕಾಣುತ್ತವೆ.