ಮನುಷ್ಯ, ಯೀಸ್ಟ್, ಬ್ಯಾಕ್ಟೀರಿಯಾ: ಒಂದೇ ಪ್ರೋಟೀನನ್ನು ಜೋಡಿಸಿ ನೋಡುವುದು ಹೇಗೆ?

ನನ್ನ ಅತ್ತೆ ಮಗಳಿಗೆ ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ನರಗಳ ಆನುವಂಶಿಕ ಕಾಯಿಲೆ ಇದೆ. ಉಡುಪಿಯ ರಥಬೀದಿಗೆ ಒಂದು ಸುತ್ತು ಬರಬೇಕಾದರೂ ಈಗ ಅವಳಿಗೆ ಯಾರದಾದರೂ ತೋಳು ಬೇಕು. ಬುದ್ಧಿ ಬಹಳ ಚುರುಕು, ಕಾಲು ಮಾತ್ರ ಮಾತು ಕೇಳುವುದಿಲ್ಲ. ಈ ಕಾಯಿಲೆಯ ಹಿಂದಿರುವುದು ಫ್ರಾಟಾಕ್ಸಿನ್ ಎಂಬ ಸಣ್ಣ ಪ್ರೋಟೀನ್. ಅದರ ಜೀನ್ ಪತ್ತೆಯಾದದ್ದು 1996ರಲ್ಲಿ. ನಾನು ಮಂಗಳೂರಿನಲ್ಲಿ ಡಿಗ್ರಿ ಮಕ್ಕಳಿಗೆ ಬಯೋಟೆಕ್ನಾಲಜಿ ಕಲಿಸುತ್ತೇನೆ. ಪ್ರೋಟೀನ್ ಹೋಲಿಸುವ ಪಾಠಕ್ಕೆ ಪ್ರತಿ ವರ್ಷ ಇದನ್ನೇ ತೆಗೆದುಕೊಳ್ಳುತ್ತೇನೆ. ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್ ಇದ್ದರೆ ನೀವೂ ಒಂದು ಮಧ್ಯಾಹ್ನದಲ್ಲಿ ಮಾಡಬಹುದು.

ಮೊದಲು ಹೋಲಿಸಲು ಸರಿಯಾದ ಜೀವಿ ಬೇಕು. ಸನ್ನಾಸ್ ಹಿಟ್ಟಿಗೆ ಶೇಂದಿ ಹಾಕಿ ಉಬ್ಬಿಸುತ್ತಾರಲ್ಲ, ಉಬ್ಬಿಸುವುದು ಅದರಲ್ಲಿರುವ ಯೀಸ್ಟ್. ಆ ಯೀಸ್ಟ್‌ನಲ್ಲೂ ಫ್ರಾಟಾಕ್ಸಿನ್‌ನ ಸಂಬಂಧಿ ಒಂದಿದೆ, ಹೆಸರು ವೈಎಫ್‌ಎಚ್1. ಆ ಜೀನನ್ನು ತೆಗೆದುಬಿಟ್ಟರೆ ಯೀಸ್ಟ್‌ನ ಮೈಟೋಕಾಂಡ್ರಿಯಾದಲ್ಲಿ (ಜೀವಕೋಶಕ್ಕೆ ಶಕ್ತಿ ತಯಾರಿಸುವ ಭಾಗ) ಕಬ್ಬಿಣ ತುಂಬಿಕೊಳ್ಳುತ್ತದೆ. ಅದೇ ಯೀಸ್ಟ್‌ಗೆ ಮನುಷ್ಯನ ಫ್ರಾಟಾಕ್ಸಿನ್ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಅಂದರೆ ಎರಡೂ ಮಾಡುವುದು ಒಂದೇ ಕೆಲಸ. ಇಂಥ ಪ್ರಯೋಗದ ಆಧಾರ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸುಮ್ನೆ ಹೆಸರು ಹೋಲುತ್ತದೆ ಎಂದು ಶುರು ಮಾಡಬೇಡಿ. ಮೂರನೆಯದಾಗಿ ಇ. ಕೋಲೈ ಬ್ಯಾಕ್ಟೀರಿಯಾದ ಸಿಯಾವೈ ಪ್ರೋಟೀನನ್ನೂ ಸೇರಿಸಿಕೊಳ್ಳೋಣ.

ಪ್ರೋಟೀನುಗಳ ಆನ್‌ಲೈನ್ ಮಾಹಿತಿಕೋಶವಾದ ಯೂನಿಪ್ರಾಟ್‌ನಲ್ಲಿ ಹುಡುಕಿದರೆ ಒಂದೇ ಹೆಸರಿಗೆ ರಾಶಿ ಫಲಿತಾಂಶ ಬರುತ್ತದೆ. ‘ರಿವ್ಯೂಡ್’ (ತಜ್ಞರು ಪರಿಶೀಲಿಸಿದ್ದು) ಎಂದಿರುವುದನ್ನೇ ಆರಿಸಿ. ಅಲ್ಲಿನ ಗುರುತಿನ ಸಂಖ್ಯೆಗಳು: ಮನುಷ್ಯನದು ಕ್ಯೂ16595, ಯೀಸ್ಟ್‌ನದು ಕ್ಯೂ07540, ಇ. ಕೋಲೈನದು ಪಿ27838. ಉದ್ದ ನೋಡಿ: 210, 174, 106 ಅಮೈನೊ ಆಮ್ಲಗಳು (ಪ್ರೋಟೀನ್ ಸರಪಳಿಯ ಮಣಿಗಳು). ಇಷ್ಟೊಂದು ವ್ಯತ್ಯಾಸ ಯಾಕೆ? ಮನುಷ್ಯ ಮತ್ತು ಯೀಸ್ಟ್‌ನ ಪ್ರೋಟೀನಿನ ಮುಂದಿನ ಭಾಗ ಒಂದು ವಿಳಾಸದ ಚೀಟಿ, ‘ಮೈಟೋಕಾಂಡ್ರಿಯಾಕ್ಕೆ ಕಳುಹಿಸಿ’ ಎಂದು ಬರೆದ ಹಾಗೆ. ಒಳಗೆ ಹೋದ ಮೇಲೆ ಅದನ್ನು ಕತ್ತರಿಸಿ ತೆಗೆಯಲಾಗುತ್ತದೆ. ಮನುಷ್ಯನಲ್ಲಿ ಕೊನೆಗೆ ಕೆಲಸಕ್ಕೆ ನಿಲ್ಲುವುದು 81ರಿಂದ 210ರವರೆಗಿನ ತುಂಡು. ಬ್ಯಾಕ್ಟೀರಿಯಾಕ್ಕೆ ಮೈಟೋಕಾಂಡ್ರಿಯಾವೇ ಇಲ್ಲ, ಹಾಗಾಗಿ ಚೀಟಿಯೂ ಬೇಡ.

ಇಲ್ಲೇ ನಾನು ಒಮ್ಮೆ ಎಡವಿದ್ದು. ಪ್ರೋಟೀನಿನ ಆಕಾರ ಊಹಿಸುವ ಎಐ ಆದ ಆಲ್ಫಾಫೋಲ್ಡ್‌ನ ಡೇಟಾಬೇಸಿನಿಂದ ಆಕಾರದ ಮಾದರಿಗಳನ್ನು ಇಳಿಸಿ, ಏನನ್ನೂ ಕತ್ತರಿಸದೆ ಒಂದರ ಮೇಲೊಂದು ಕೂರಿಸಿದೆ. ವ್ಯತ್ಯಾಸದ ಅಂಕೆ ದೊಡ್ಡದಾಗಿ ಬಂತು. ‘ಆಕಾರ ಹೊಂದುವುದಿಲ್ಲ’ ಎಂದು ಬೋರ್ಡ್ ಮೇಲೆ ಬರೆದೂ ಆಯಿತು. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, “ಮೇಡಂ, ಆ ಬಾಲ ಯಾಕೆ ಕಿತ್ತಳೆ ಬಣ್ಣ?” ಬಾಲ ಎಂದರೆ ಅದೇ ಚೀಟಿಯ ಭಾಗ. ಅವಳ ಪ್ರಶ್ನೆಯೇ ಸರಿ. ಆಲ್ಫಾಫೋಲ್ಡ್ ಪ್ರತಿ ಅಮೈನೊ ಆಮ್ಲಕ್ಕೂ ತನ್ನ ಭರವಸೆಯ ಅಂಕ ಕೊಡುತ್ತದೆ. 90ಕ್ಕಿಂತ ಜಾಸ್ತಿ ಇದ್ದರೆ ಕಡು ನೀಲಿ, 50ಕ್ಕಿಂತ ಕಡಿಮೆ ಇದ್ದರೆ ಕಿತ್ತಳೆ. ಕಿತ್ತಳೆ ಎಂದರೆ ‘ಈ ಜಾಗದ ಆಕಾರ ನನ್ನನ್ನು ಕೇಳಬೇಡಿ’ ಎಂದರ್ಥ. ಅದನ್ನು ಆಕಾರ ಎಂದುಕೊಂಡು ಅಳೆದದ್ದು ನನ್ನ ತಪ್ಪು.

ಹಾಗಾಗಿ ಪ್ರೋಟೀನಿನ ಆಕಾರ ತೋರಿಸುವ ಕೈಮೆರಾ ಎಕ್ಸ್ ಸಾಫ್ಟ್‌ವೇರ್‌ನಲ್ಲಿ ಮೂರೂ ಮಾದರಿ ತೆರೆದು, ಮೊದಲು ಚೀಟಿಯ ಭಾಗ ಅಳಿಸಿ. ಯೀಸ್ಟ್‌ನಲ್ಲಿ ಮೊದಲ 51 ಹೋಗಬೇಕು. ಉಳಿದದ್ದರ ಸಂಖ್ಯೆಯನ್ನು 1ರಿಂದ ಬದಲಾಯಿಸಲು ಹೋಗಬೇಡಿ, ಮುಂದೆ ಗೊಂದಲವಾಗುತ್ತದೆ. ಆಮೇಲೆ ಮಾದರಿಗಳನ್ನು ಒಂದರ ಮೇಲೊಂದು ಕೂರಿಸುವ, ಅದರಲ್ಲೇ ಇರುವ ಮ್ಯಾಚ್‌ಮೇಕರ್ ಓಡಿಸಿ. ಅದು ಎರಡು ಆರ್‌ಎಂಎಸ್‌ಡಿ ಅಂಕೆ (ಜೋಡಿಗಳ ನಡುವಿನ ಒಂದು ಬಗೆಯ ಸರಾಸರಿ ದೂರ, ಚಿಕ್ಕದಾದಷ್ಟೂ ಹೊಂದಿಕೆ ಹೆಚ್ಚು) ಕೊಡುತ್ತದೆ. ಒಂದು ಚೆನ್ನಾಗಿ ಹೊಂದಿದ ಜೋಡಿಗಳದ್ದು ಮಾತ್ರ, ಇನ್ನೊಂದು ಎಲ್ಲ ಜೋಡಿಗಳದ್ದು. ಮಕ್ಕಳು ಚಿಕ್ಕ ಅಂಕೆ ನೋಡಿ ಖುಷಿಯಾಗಿ ಅದನ್ನೇ ಬರೆಯುತ್ತಾರೆ. ಎರಡನ್ನೂ ಬರೆಯಿರಿ, ಎಷ್ಟು ಜೋಡಿ ಎಂಬುದನ್ನೂ ಬರೆಯಿರಿ. ಆಗಾಗ ಸೇವ್ ಮಾಡುತ್ತಿರಿ. ಜುಲೈ ಮಳೆಗೆ ನಮ್ಮಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ.

ಈಗ ನಿಜವಾದ ಸಂಗತಿ. ಮನುಷ್ಯನ ಮಾದರಿಯಲ್ಲಿ 155ನೇ ಜಾಗ ಹುಡುಕಿ, ಕೆಂಪು ಬಳಿಯಿರಿ. ಅಲ್ಲಿರುವುದು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ. ಯೀಸ್ಟ್‌ನಲ್ಲಿ 131, ಇ. ಕೋಲೈಯಲ್ಲಿ 61. ಸಂಖ್ಯೆ ಬೇರೆ ಬೇರೆ, ಆದರೆ ಪರದೆಯ ಮೇಲೆ ಮೂರೂ ಒಂದೇ ಕಡೆ ಬಂದು ಕೂರುತ್ತವೆ. ನಿಧಾನಕ್ಕೆ ತಿರುಗಿಸಿ ನೋಡಿ. ಟ್ರಿಪ್ಟೊಫಾನ್ ದೊಡ್ಡದು, ನೀರಿಗೆ ಅಷ್ಟಾಗಿ ಒಗ್ಗದ್ದು, ಸಾಮಾನ್ಯವಾಗಿ ಪ್ರೋಟೀನಿನ ಒಳಗೆ ಅಡಗಿರುತ್ತದೆ. ಇಲ್ಲಿ ಮಾತ್ರ ಹೊರಮೈ ಮೇಲೆ ಕೂತಿದೆ. ಬ್ಯಾಕ್ಟೀರಿಯಾದಿಂದ ನಮ್ಮವರೆಗೂ ಅದನ್ನು ಹಾಗೇ ಹೊರಗೆ ಇಟ್ಟುಕೊಂಡಿದೆ ಎಂದರೆ, ಅಲ್ಲಿಗೆ ಬೇರೆ ಯಾವುದೋ ಪ್ರೋಟೀನ್ ಬಂದು ಅಂಟಬೇಕು ಅಲ್ವಾ? ಹೌದು, ಕಬ್ಬಿಣ ಮತ್ತು ಗಂಧಕ ಸೇರಿಸುವ ಪ್ರೋಟೀನುಗಳ ಯಂತ್ರಕ್ಕೆ ಫ್ರಾಟಾಕ್ಸಿನ್ ಆತುಕೊಳ್ಳುವ ಮುಖ ಅದು. ಕೆಲವು ರೋಗಿಗಳಲ್ಲಿ ಇದೇ 155 ಬದಲಾಗಿ ಅರ್ಜಿನೈನ್ ಆಗಿರುತ್ತದೆ.

ಆ ಬದಲಾವಣೆ ಹಾಕಿ ಆಲ್ಫಾಫೋಲ್ಡನ್ನು ಆನ್‌ಲೈನಿನಲ್ಲಿ ಓಡಿಸುವ ಕೋಲಾಬ್‌ಫೋಲ್ಡ್‌ನಲ್ಲಿ ಹೊಸ ಮಾದರಿ ಮಾಡಿಸಿದರೆ ಹೆಚ್ಚುಕಡಿಮೆ ಹಳೆಯ ಆಕಾರವೇ ಬರುತ್ತದೆ. ‘ಹಾಗಾದರೆ ತೊಂದರೆ ಇಲ್ಲ’ ಎಂದುಕೊಳ್ಳಬೇಡಿ. ಒಂದು ಅಕ್ಷರ ಬದಲಾದಾಗ ಏನು ಕೆಡುತ್ತದೆ ಎಂದು ಹೇಳುವುದಕ್ಕೆ ಆ ಉಪಕರಣ ಮಾಡಿದ್ದಲ್ಲ.

ಅತ್ತೆ ಮಗಳಿಗೆ ಇದನ್ನು ತೋರಿಸಿದಾಗ ಅವಳು ಕೇಳಿದ್ದು ಒಂದೇ ಮಾತು: “ಅಕ್ಕಾ, ನನ್ನದರಲ್ಲೂ ಆ ಕೆಂಪು ಜಾಗ ಹಾಳಾಗಿದೆಯಾ?” ಇಲ್ಲ. ಹೆಚ್ಚಿನ ರೋಗಿಗಳ ಹಾಗೆ ಅವಳಲ್ಲೂ ಜೀನಿನ ಎರಡೂ ಪ್ರತಿಗಳಲ್ಲಿ ಜಿಎಎ ಎಂಬ ಮೂರಕ್ಷರ ನೂರಾರು ಸಲ ಮರುಕಳಿಸಿದೆ. ಅದು ಪ್ರೋಟೀನ್ ಬರೆಯುವ ಭಾಗದಲ್ಲಿ ಇಲ್ಲ. ಅವಳ ಫ್ರಾಟಾಕ್ಸಿನ್ ಸರಿಯಾದ ಆಕಾರದ್ದೇ, ತಯಾರಾಗುವುದು ಕಡಿಮೆ. ಯಾವ ಮಾದರಿಯಲ್ಲೂ ಈ ಕೊರತೆ ಕಾಣಿಸುವುದಿಲ್ಲ. ನೀವು ಆರಿಸಿದ ಕಾಯಿಲೆಯಲ್ಲಿ ಕೆಟ್ಟಿರುವುದು ಆಕಾರವೋ ಪ್ರಮಾಣವೋ ಎಂಬುದನ್ನು ಮೊದಲ ದಿನವೇ ಓದಿ ತಿಳಿದುಕೊಳ್ಳಿ.

ಇದು ಕೈಗೆ ಕೂತ ಮೇಲೆ ಎಸ್‌ಒಡಿ1 ಎಂಬ ಪ್ರೋಟೀನ್ ಹಿಡಿಯಿರಿ. ಅದರ ದೋಷ ಎಎಲ್‌ಎಸ್ ಎಂಬ ನರಗಳ ಕಾಯಿಲೆ ತರಬಲ್ಲದು ಎಂದು 1993ರಲ್ಲಿ ಗೊತ್ತಾಯಿತು. ಮನುಷ್ಯನಲ್ಲೂ ಯೀಸ್ಟ್‌ನಲ್ಲೂ ಅದು 154 ಅಮೈನೊ ಆಮ್ಲ, ಜೋಡಿಸುವುದು ಸುಲಭ. ಒಂದೇ ಎಚ್ಚರ: ಎಎಲ್‌ಎಸ್ ಪ್ರಬಂಧಗಳಲ್ಲಿ ಮೊದಲ ಮೆಥಿಯೊನೈನ್ ಬಿಟ್ಟು ಎಣಿಸುವ ರೂಢಿ ಇದೆ. ಅಲ್ಲಿ 4 ಎಂದಿದ್ದರೆ ಯೂನಿಪ್ರಾಟ್‌ನಲ್ಲಿ ನೀವು 5ನೇ ಜಾಗ ನೋಡಬೇಕು.