ಕುಂಗ್‌ಫೂ ಗೇಮ್ ಸಪ್ಪೆ ಅನ್ನಿಸ್ತು, ಕುಸ್ತಿ ಗೇಮ್ ನಾನೇ ಮಾಡ್ಕೊಂಡೆ

ಒಂದು ಕುಂಗ್‌ಫೂ ಗೇಮ್ ಆಡ್ದೆ, ಹೆಸರು ಬೇಡ ಬಿಡಿ. ಬಿದಿರು ಕಾಡು, ಮಂಜು, ಬಿಳಿ ಗಡ್ಡದ ಗುರು, ಹೆಂಚಿನ ಮೇಲೆ ಓಟ, ನೋಡೋಕೆ ಎಲ್ಲಾ ಸೂಪರ್. ಹೊಡೆದಾಟಕ್ಕೆ ಇಳಿದ್ರೆ ಮಾತ್ರ ಒಂದೇ ಬಟನ್ ಒತ್ತುತ್ತಾ ಇರೋದು, ಎದುರಿಗಿರೋನು ಗೋಣಿಚೀಲದ ಥರ ನಿಂತಿರ್ತಾನೆ, ಅವ್ನ ತಲೆ ಮೇಲೆ 34, 34, 36 ಅಂತ ನಂಬರ್ ಹಾರ್ತಾ ಇರುತ್ತೆ. ಈ ಊರಲ್ಲಿ ನಾಲ್ಕು ಏಟಿಗೆ ಮಲಗಿದ ಕಳ್ಳನೇ ಪಕ್ಕದೂರಲ್ಲಿ ಲೆವೆಲ್ ಜಾಸ್ತಿ ಆಗಿ ಬರ್ತಾನೆ, ಅದೇ ಮುಖ ಅದೇ ಅಂಗಿ, ಈಗ ನಲವತ್ತು ಏಟು ಬೇಕಂತೆ. ನನ್ನ ಕೈಚಳಕಾನೂ ಬದಲಾಗಿಲ್ಲ ಅವ್ನ ಆಟಾನೂ ಬದಲಾಗಿಲ್ಲ, ಲೆಕ್ಕ ಮಾತ್ರ ಬದಲಾಗಿದೆ. ವಿದ್ಯೆ ಕಲಿಯೋ ಕಥೆ ಇಟ್ಕೊಂಡು ವಿದ್ಯೆಗೇ ಬೆಲೆ ಇಲ್ಲ ಅಂದ್ರೆ ಹೆಂಗೆ ಸ್ವಾಮಿ?

ಹಂಗಂತ ಇದು ಆಗದ ಕೆಲಸ ಏನಲ್ಲ. 2005ರಲ್ಲೇ ಜೇಡ್ ಎಂಪೈರ್ ಅನ್ನೋ ಗೇಮ್‌ನಲ್ಲಿ ಕವಚ ಗಿವಚ ಹುಡುಕೋ ರಗಳೆ ಬಿಟ್ಟು ಹೊಡೆದಾಟದ ಸ್ಟೈಲ್ ಕಲಿಯೋದನ್ನೇ ಮುಖ್ಯ ಮಾಡಿದ್ರು. 2019ರ ಸೆಕಿರೋ ಗೇಮ್‌ನಲ್ಲಿ ಎದುರಾಳಿಯ ಪೋಶ್ಚರ್, ಅಂದ್ರೆ ನಿಲುವಿನ ಹಿಡಿತ, ಮುರಿದ್ರೆ ಸಾಕು, ಜೀವ ಎಷ್ಟೇ ಉಳಿದಿದ್ರೂ ಮುಗಿಸ್ಬಹುದು. 2022ರ ಸಿಫು ಗೇಮ್‌ನಲ್ಲಂತೂ ಸತ್ತು ಎದ್ರೆ ವಯಸ್ಸು ಏರುತ್ತೆ, ಏಟು ಜೋರಾಗುತ್ತೆ, ಜೀವ ಕಮ್ಮಿ ಆಗ್ತಾ ಹೋಗುತ್ತೆ. ನನಗೆ ತುಂಬಾ ಹಿಡಿಸಿದ್ದು ಅದು.

ನಾನಿರೋದು ಮೈಸೂರಲ್ಲಿ, ಸುತ್ತ ಗರಡಿ ಮನೆ ಇಟ್ಕೊಂಡು ಚೀನಾದ ಶಾವೊಲಿನ್ ಕುಂಗ್‌ಫೂ ಯಾಕೆ ಬೇಕು ಅಂತ ಗೊಡೋ ಎಂಜಿನ್ (ಗೇಮ್ ಮಾಡೋ ಸಾಫ್ಟ್‌ವೇರ್, ಪೂರ್ತಿ ಫ್ರೀ) ಹಾಕ್ಕೊಂಡು ನಾಡ ಕುಸ್ತಿ ಗೇಮ್ ಶುರು ಮಾಡ್ದೆ. ಮೊದಲ ಲಾಭ ಏನಂದ್ರೆ ಜೀವ ಎಷ್ಟು ಉಳಿದಿದೆ ಅಂತ ತೋರಿಸೋ ಹೆಲ್ತ್ ಬಾರೇ ಬೇಡ. ಬೆನ್ನು ಮಣ್ಣಿಗೆ ಅಂಟ್ತು ಅಂದ್ರೆ ಚಿತ್, ಆಟ ಮುಗೀತು. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳು ಆಡೋ ವಜ್ರಮುಷ್ಟಿನೂ ಅಷ್ಟೇ ತಾನೇ, ತಲೆಯಲ್ಲಿ ರಕ್ತ ಕಾಣಿಸ್ತಿದ್ದಂಗೆ ನಿಲ್ಲಿಸ್ತಾರೆ. ನಮ್ಮ ಆಟಗಳಲ್ಲಿ ನೂರು ಏಟಿನ ಲೆಕ್ಕವೇ ಇಲ್ಲ. ಹಾಗಾಗಿ ಉಸಿರಿಗೆ ಒಂದು ಬಾರ್ ಮಾತ್ರ ಇಟ್ಟೆ, ಬ್ಯಾಲೆನ್ಸ್ ಹೋಗಿದ್ದು ಕಾಲು ನೋಡೇ ಗೊತ್ತಾಗ್ಬೇಕು.

ಜಾಸ್ತಿ ಹೊತ್ತು ತಿಂದಿದ್ದು ಟೈಮಿಂಗು. ಸೆಕೆಂಡಿಗೆ 60 ಫ್ರೇಮ್ (ಅಂದ್ರೆ 60 ಚಿತ್ರ) ಓಡೋ ಗೇಮ್‌ಗೆ ಒಂದು ಫ್ರೇಮ್ ಅಂದ್ರೆ ಸುಮಾರು 16.7 ಮಿಲಿಸೆಕೆಂಡ್. ಕಾಲಿಗೆ ಕೈ ಹಾಕೋ ಪಟ್ಟಿಗೆ 6 ಫ್ರೇಮ್ ತಯಾರಿ ಕೊಟ್ರೆ ಸೆಕೆಂಡಿನ ಹತ್ತರಲ್ಲಿ ಒಂದು ಭಾಗ, ನೋಡಿ ತಪ್ಪಿಸ್ಕೊಳ್ಳೋಕೆ ಮನುಷ್ಯರ ಕೈಲಾಗಲ್ಲ, ಕಣ್ಣಿಗೆ ಬಿದ್ದು ಬೆರಳು ಆಡೋಕೇ ಕಾಲು ಸೆಕೆಂಡ್ ಹತ್ರ ಬೇಕು. ಅದಕ್ಕೆ 18 ಫ್ರೇಮ್ ಮಾಡಿ, ಕೈ ಹಾಕೋ ಮುಂಚೆ ಭುಜ ಒಂದ್ಚೂರು ತಗ್ಗೋ ಹಾಗೆ ಇಟ್ಟೆ. ಆ ಭುಜ ನೋಡೋದನ್ನ ಕಲಿತೋನು ಗೆಲ್ತಾನೆ.

ಎತ್ತಿ ಒಗೆದಾಗ ಭಾರ ಗೊತ್ತಾಗಬೇಕಲ್ಲ, ಮೈ ನೆಲಕ್ಕೆ ಬಡಿಯೋ ಕ್ಷಣ 5 ಫ್ರೇಮ್ ಎಲ್ಲಾ ನಿಂತುಬಿಡುತ್ತೆ. ಟೈಮ್ ಸ್ಕೇಲ್ (ಗೇಮ್ ಒಳಗೆ ಕಾಲ ಓಡೋ ವೇಗ) ಸೊನ್ನೆ ಮಾಡಿದ್ರೆ ಆಯ್ತು, ಆದ್ರೆ ಮತ್ತೆ ಓಡಿಸೋ ಟೈಮರ್ ಆ ಸ್ಕೇಲ್‌ಗೆ ಕಟ್ಟುಬೀಳದ ಹಾಗೆ ಸೆಟ್ ಮಾಡ್ಬೇಕು, ಇಲ್ದಿದ್ರೆ ಗೇಮ್ ಅಲ್ಲೇ ಹೆಪ್ಪುಗಟ್ಟುತ್ತೆ. ಸೌಂಡಿಗೆ ಹಳೇ ಹಾಸಿಗೆ ಮೇಲೆ ಅಕ್ಕಿ ಮೂಟೆ ಬೀಳಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ದೆ, ಅಮ್ಮ ಬೈದಿದ್ದೂ ಅದರಲ್ಲೇ ಸೇರ್ಕೊಂಡಿತ್ತು, ಕಟ್ ಮಾಡಿದೀನಿ.

ಆರ್‌ಪಿಜಿ ಭಾಗ (ಪಾತ್ರ ಬೆಳೆಸ್ಕೊಂಡು ಹೋಗೋದು) ಹೆಂಗೆ ಅಂದ್ರೆ, ಲೆವೆಲ್ ಏರಿದ್ರೆ ಬಲ ಏರಲ್ಲ, ಉಸ್ತಾದ್ ಹೊಸ ಪಟ್ಟು ಹೇಳಿಕೊಡ್ತಾನೆ ಅಷ್ಟೇ. ಒಂದೇ ಪಟ್ಟು ಮತ್ತೆ ಮತ್ತೆ ಹಾಕಿದ್ರೆ ಎದುರಾಳಿ ಅದಕ್ಕೆ ಎದುರುಪಟ್ಟು ಹಾಕ್ತಾನೆ. ಕೊನೇಲಿ ದಸರಾ ಕುಸ್ತಿ, ಯಾರಿಗೆ ಯಾರು ಎದುರು ಅಂತ ಜೋಡಿ ಕಟ್ಟೋದ್ರಿಂದ ಶುರು.

ಮಂಡ್ಯ ಕಡೆ ಇರೋ ನಮ್ಮ ದೊಡ್ಡಪ್ಪ ಹಿಂದೆ ಅಖಾಡಕ್ಕೆ ಇಳಿದೋರು, ಅವರಿಗೆ ತೋರಿಸ್ದೆ. ಕಂಟ್ರೋಲರ್ ಮುಟ್ಟಲೇ ಇಲ್ಲ, ಸ್ಕ್ರೀನ್ ನೋಡಿ "ಏನ್ಲಾ ಇದು, ಕಾಲು ಜೋಡ್ಸ್ಕೊಂಡ್ ನಿಂತವ್ನೆ, ಮಗ ತಳ್ಳುದ್ರೂ ಬಿದ್ದೋಯ್ತನೆ" ಅಂದ್ರು. ಆಮೇಲೆ ಹಾಲಲ್ಲೇ ಪಂಚೆ ಎತ್ತಿ ಕಟ್ಟಿ, ಮಂಡಿ ಬಗ್ಗಿಸಿ ನಿಂತು ತೋರಿಸಿದ್ರು, ಅದನ್ನೇ ವಿಡಿಯೋ ಮಾಡ್ಕೊಂಡು ನಿಲುವು ಪೂರ್ತಿ ಮತ್ತೆ ಬರೆದೆ. ಈಗ ನೋಡೋಕೂ ಪೈಲ್ವಾನ್ ಥರ ಕಾಣ್ತಾನೆ.

ಗೇಮ್ ಒಳಗಿನ ಕ್ಯಾಮೆರಾ ಇನ್ನೂ ಕಾಟ ಕೊಡ್ತಾ ಇದೆ, ಇಬ್ರೂ ಹಿಡ್ಕೊಂಡಾಗ ಯಾರ ಕೈ ಯಾರದ್ದು ಗೊತ್ತಾಗಲ್ಲ, ಸದ್ಯಕ್ಕೆ ಒಬ್ಬನ ಮೈಗೆ ಕೆಮ್ಮಣ್ಣು ಜಾಸ್ತಿ ಮೆತ್ತಿ ತೇಪೆ ಹಾಕಿದೀನಿ.